ಮಗು ಹೇಳಿದ್ದೆಷ್ಟು, ನಾವು ಕೇಳಿಸಿಕೊಂಡದ್ದೆಷ್ಟು

ಮಾತಾಡುತ್ತಿರುವವರು ಇಬ್ಬರು ಹೆಂಗಸರು. ಒಬ್ಬರ ಮನೆ ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ. ಅವರ ನಾಲ್ಕು ವರ್ಷದ ಮೊಮ್ಮಗನಿಗೆ ಆಟಿಸಂ ಇದೆಯೆಂದು ವೈದ್ಯರು ಈಚೆಗೆ ಹೇಳಿದ್ದಾರೆ. ಇನ್ನೊಬ್ಬರು ಚಾಮರಾಜಪೇಟೆಯವರು, ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಮಾತು ತಡವಾದ ಮಕ್ಕಳ ಜೊತೆ ಕೆಲಸ ಮಾಡಿ ನಿವೃತ್ತರಾದ ವಾಕ್‌ಚಿಕಿತ್ಸಕಿ. ಜಾಗ, ಬಸವನಗುಡಿಯ ಕೃಷ್ಣರಾವ್ ಪಾರ್ಕು.

ಅಜ್ಜಿ: ನೀವು ಮಾತಿನ ಡಾಕ್ಟರು ಅಂತ ಗೊತ್ತಾದ ಮೇಲೆ ಕೇಳದೆ ಇರೋಕಾಗಲ್ಲ. ನಮ್ಮ ಹುಡುಗ ಒಂದು ಮಾತು ಹಿಡ್ಕೊಂಡಿದಾನೆ. "ಮುಂದಿನ ನಿಲ್ದಾಣ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ." ಮೆಟ್ರೋದಲ್ಲಿ ಹೇಳ್ತಾರಲ್ಲ, ಅದೇ ರಾಗ, ಅದೇ ನಿಲುಗಡೆ. ಸೊಸೆಯ ತವರು ಮಲ್ಲೇಶ್ವರ. ನ್ಯಾಷನಲ್ ಕಾಲೇಜಿನಲ್ಲಿ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳೀತಾರೆ. ಬೇರೆ ಮಾತೆಲ್ಲ ಬೆರಳಲ್ಲಿ ಎಣಿಸೋಷ್ಟು. ಇದು ಮಾತ್ರ ಹಗಲೂ ರಾತ್ರಿ. ಮನೇಲಿ ಮೂರು ಪಕ್ಷ ಆಗಿದೆ. ಮಗನ ಪ್ರಕಾರ ಇದು ಬರೀ ಬಡಬಡಿಕೆ, ಯಾರೂ ಗಮನ ಕೊಡಬಾರದು. ಸೊಸೆ ಪ್ರಕಾರ, ಮಗು ಅಮ್ಮಮ್ಮನ ಮನೆ ಕೇಳ್ತಿದೆ. ನನ್ನ ಪ್ರಕಾರ ಅವನಿಗೆ ರೈಲು ಅಂದರೆ ಪ್ರಾಣ, ಅಷ್ಟೇ. ಯಾರು ಸರಿ?

ಚಿಕಿತ್ಸಕಿ: ಯಾವಾಗ ಹೇಳ್ತಾನೆ?

ಅಜ್ಜಿ: ಯಾವಾಗಲೂ.

ಚಿಕಿತ್ಸಕಿ: ಯಾವಾಗಲೂ ಅಂತ ಇರಲ್ಲ. ನೆನಪಿಗೆ ಬಂದ ಸಂದರ್ಭ ಹೇಳಿ.

ಅಜ್ಜಿ: ಮಿಕ್ಸಿ ಹಾಕಿದಾಗ. ಮೊನ್ನೆ ಛತ್ರದಲ್ಲಿ, ಮಾಂಗಲ್ಯಧಾರಣೆ ಹೊತ್ತಿಗೆ ಗಟ್ಟಿಮೇಳ ಬಾರಿಸಿದಾಗ. ಕಟಿಂಗ್ ಶಾಪಿನಲ್ಲಿ. ಮನೆಗೆ ನೆಂಟರು ಬಂದು ಎಲ್ಲರೂ ಒಟ್ಟಿಗೆ ಮಾತಾಡೋವಾಗ.

ಚಿಕಿತ್ಸಕಿ: ಇದರಲ್ಲಿ ರೈಲು ನೆನಪಾಗೋ ಜಾಗ ಯಾವುದು?

ಅಜ್ಜಿ: ಯಾವುದೂ ಇಲ್ಲ. ಎಲ್ಲ ಗಲಾಟೆ ಜಾಗ.

ಚಿಕಿತ್ಸಕಿ: ಸರಿ. ರೈಲಿನಲ್ಲಿ ಆ ಮಾತು ಕೇಳಿಸಿದ ಮೇಲೆ ನೀವೇನು ಮಾಡ್ತೀರಿ?

ಅಜ್ಜಿ: ಏಳ್ತೀವಿ, ಬಾಗಿಲ ಹತ್ತಿರ ಹೋಗ್ತೀವಿ, ಇಳೀತೀವಿ... ತಾಳಿ. ಇಲ್ಲಿಂದ ನನ್ನ ಇಳಿಸಿ ಅಂತಿದಾನಾ?

ಚಿಕಿತ್ಸಕಿ: ಇರಬಹುದು. ನಿಮ್ಮ ಮನೆಯ ಮೂರು ಪಕ್ಷದ ಜೊತೆಗೆ ಇದು ನಾಲ್ಕನೆಯದು. ಇನ್ನೂ ತೀರ್ಪಾಗಿಲ್ಲ.

ಅಜ್ಜಿ: ಇಷ್ಟು ಚೆನ್ನಾಗಿ ಕೂಡಿ ಬಂದ ಮೇಲೂ?

ಚಿಕಿತ್ಸಕಿ: ಚೆನ್ನಾಗಿ ಕೂಡಿ ಬರೋದು ನಮಗೆ. ಅವನನ್ನ ಇನ್ನೂ ಕೇಳಿಲ್ಲವಲ್ಲ. ಆದರೆ ನಿಮ್ಮ ಮಗ ಹೇಳೋ ಹಾಗೆ ಬಡಬಡಿಕೆ ಅಂತ ಎತ್ತಿ ಪಕ್ಕಕ್ಕಿಡಬೇಡಿ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಿಯೋ ಕ್ಯಾನರ್ ಅನ್ನೋ ಮಕ್ಕಳ ಮನೋವೈದ್ಯರಿದ್ದರು. 1943ರಲ್ಲಿ 11 ಮಕ್ಕಳ ಬಗ್ಗೆ ಅವರು ಬರೆದ ಲೇಖನದಿಂದ ಆಟಿಸಂ ಒಂದು ಪ್ರತ್ಯೇಕ ಸ್ಥಿತಿ ಅಂತ ವೈದ್ಯರಿಗೆ ಗೊತ್ತಾಯಿತು.

ಅಜ್ಜಿ: 1943 ಅಂದರೆ ನಮ್ಮ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲು ಶುರುವಾದ ವರ್ಷ. ಅಷ್ಟು ಹಳೇದಾ? ನಾವು ಹೆಸರೇ ಕೇಳಿರಲಿಲ್ಲ. ಮಾತು ಬರದಿದ್ದರೆ ನಾಲಿಗೆಗೆ ಬಜೆ ತೇಯ್ದು ಹಚ್ಚೋರು. ಗಂಡು ಮಗು, ತಡವಾಗುತ್ತೆ ಬಿಡಿ ಅನ್ನೋರು.

ಚಿಕಿತ್ಸಕಿ: ಹೆಸರಿರಲಿಲ್ಲ, ಮಕ್ಕಳಿದ್ದರು. ಕ್ಯಾನರ್ ನೋಡಿದ ಒಬ್ಬ ಹುಡುಗನಿಗೆ ಅಪ್ಪ "ಹೌದು" ಅನ್ನೋದನ್ನ ಕಲಿಸಿದ್ದು ಹೀಗೆ: ಹೆಗಲ ಮೇಲೆ ಕೂರಬೇಕಾದರೆ ಹೌದು ಅನ್ನು. ಹುಡುಗ ಕಲಿತ. ಆಮೇಲೆ ಬಹಳ ಕಾಲ ಅವನ ಪಾಲಿಗೆ ಹೌದು ಅಂದರೆ ಹೆಗಲ ಮೇಲೆ ಕೂರಿಸು ಅಂತಲೇ. ಹಿನ್ನೆಲೆ ಗೊತ್ತಿಲ್ಲದೋರು ಊಟ ಬೇಕಾ ಅಂತ ಕೇಳಿ, ಹೌದು ಅಂದ ಅಂತ ತಟ್ಟೆ ಹಾಕಿದರೆ ಏನಾಗಬೇಕು? 1946ರಲ್ಲಿ ಕ್ಯಾನರ್ ಇಂಥ ಮಾತುಗಳ ಬಗ್ಗೆಯೇ ಇನ್ನೊಂದು ಲೇಖನ ಬರೆದರು. ಒಬ್ಬ ಹುಡುಗನಿಗೆ ಏನಾದರೂ ಎಸೆಯೋ ಮನಸ್ಸಾದಾಗಲೆಲ್ಲ, ಬಾಲ್ಕನಿಯಿಂದ ನಾಯಿ ಎಸೀಬಾರದು ಅಂತ ಹೇಳಿಕೊಳ್ತಿದ್ದ. ಎದುರಿಗೆ ನಾಯಿಯೂ ಇಲ್ಲ, ಬಾಲ್ಕನಿಯೂ ಇಲ್ಲ. ವಿಚಾರಿಸಿದರೆ, ಹಿಂದೊಮ್ಮೆ ಹೋಟೆಲಿನಲ್ಲಿ ಆಟದ ನಾಯಿಯನ್ನ ಮೇಲಿನಿಂದ ಕೆಳಕ್ಕೆ ಎಸೀತಿದ್ದಾಗ ತಾಯಿ ಹಾಗೆ ಗದರಿದ್ದಳು. ಹುಡುಗ ಆ ಗದರಿಕೆಯನ್ನೇ ಎತ್ತಿಟ್ಟುಕೊಂಡು ತನ್ನನ್ನ ತಾನೇ ತಡೆದುಕೊಳ್ತಿದ್ದ. ಕೇಳಿದೋರಿಗೆ ಅಸಂಬದ್ಧ, ಮೂಲ ಗೊತ್ತಿದ್ದೋರಿಗೆ ಸಂಬದ್ಧ.

ಅಜ್ಜಿ: ಹಾಗಾದರೆ ಮಗ ಸೋತ.

ಚಿಕಿತ್ಸಕಿ: ಪೂರ್ತಿ ಸೋತಿಲ್ಲ. 1981ರಲ್ಲಿ ಬ್ಯಾರಿ ಪ್ರಿಜಾಂಟ್, ಜೂಡಿತ್ ಡುಚಾನ್ ಅನ್ನೋ ಇಬ್ಬರು, ಆಟಿಸಂ ಇರೋ ನಾಲ್ಕು ಮಕ್ಕಳು ಬೇರೆಯವರ ಮಾತನ್ನ ಹಾಗೇ ತಿರುಗಿ ಹೇಳೋದನ್ನ ವಿಡಿಯೋ ಮಾಡಿ ಕೂತು ನೋಡಿದರು. ಆ ತಿರುಗು ಮಾತಿನಲ್ಲಿ ಏಳು ಬಗೆಯ ಉದ್ದೇಶ ಕಂಡವು. ಕೆಲವು ಏನನ್ನೋ ಕೇಳೋಕೆ, ಕೆಲವು ಹೌದು ಅನ್ನೋಕೆ, ಕೆಲವು ಸರದಿ ಬಂದಾಗ ಸುಮ್ಮನಿರಬಾರದು ಅಂತ. ಇನ್ನು ಕೆಲವು ಯಾರಿಗೂ ಅಲ್ಲ, ತನಗೇ ಹೇಳಿಕೊಳ್ಳೋಕೆ, ಮಾಡ್ತಿರೋ ಕೆಲಸದಲ್ಲಿ ತನ್ನನ್ನ ಹಿಡಿದಿಟ್ಟುಕೊಳ್ಳೋಕೆ. ನಿಮ್ಮ ಹುಡುಗ ರಾತ್ರಿ ಹಾಸಿಗೆಯಲ್ಲಿ ಒಬ್ಬನೇ ಅಂದರೆ ಅದು ಬೇರೆ, ಮಿಕ್ಸಿ ಮುಂದೆ ಅಂದರೆ ಬೇರೆ ಇರಬಹುದು. ಒಂದೇ ಮಾತಿಗೆ ಒಂದೇ ಅರ್ಥ ಅಂತ ಅವನೇನು ಬರೆದುಕೊಟ್ಟಿಲ್ಲ.

ಅಜ್ಜಿ: ಬೇರೆ ಬೇರೆ ಅಂತ ಹೇಗೆ ಗೊತ್ತು ಹಚ್ಚೋದು?

ಚಿಕಿತ್ಸಕಿ: ಕಿವಿ ಅಷ್ಟೇ ಸಾಲದು. ಹೇಳೋ ಹೊತ್ತಿಗೆ ಮೈ ಯಾರ ಕಡೆ ತಿರುಗಿದೆ? ಕಣ್ಣು ಎಲ್ಲಿ? ಯಾರೂ ತಿರುಗಿ ನೋಡದಿದ್ದರೆ ಇನ್ನಷ್ಟು ಜೋರಾಗಿ ಹೇಳ್ತಾನಾ, ಹತ್ತಿರ ಬಂದು ಹೇಳ್ತಾನಾ, ಸೆರಗು ಎಳೀತಾನಾ? ಬೇಕಾದ್ದು ಸಿಕ್ಕ ತಕ್ಷಣ ನಿಲ್ಲಿಸ್ತಾನಾ? ಮುಟ್ಟಬೇಕಾದ ಕಡೆ ಮುಟ್ಟೋವರೆಗೂ ಬಿಡದೆ ಹೇಳ್ತಾನೆ ಅಂದರೆ ಅದು ನಿಮಗೇ ಹೇಳ್ತಿರೋ ಮಾತು. ಮಿಕ್ಸಿ ನಿಲ್ಲಿಸಿ ನೋಡಿ. ಇನ್ನೊಂದು ದಿನ ಮಿಕ್ಸಿ ನಿಲ್ಲಿಸದೆ ಚಪ್ಪಲಿ ತೋರಿಸಿ. ಮಿಕ್ಸಿ ನಿಂತದ್ದಕ್ಕೆ ಸಮಾಧಾನವಾಯಿತಾ, ಚಪ್ಪಲಿ ಕಂಡದ್ದಕ್ಕಾ? ಚಪ್ಪಲಿಯನ್ನ ದೂಡಿದರೆ ಮಲ್ಲೇಶ್ವರದ ಪಕ್ಷ ಸದ್ಯಕ್ಕೆ ಬಿತ್ತು ಅಂತ ಇಟ್ಟುಕೊಳ್ಳಿ.

ಅಜ್ಜಿ: ನಿಜ ಹೇಳಬೇಕಂದರೆ ನನಗೆ ಮಾತೇ ಬೇಕಿಲ್ಲ. ಮುಖ ನೋಡಿದರೆ ಸಾಕು, ಹಸಿವಾ, ನಿದ್ದೆಯಾ, ಹೊಟ್ಟೆನೋವಾ ಅಂತ ಹೇಳಿಬಿಡ್ತೀನಿ. ಅವನು ಕೇಳೋಕೆ ಮುಂಚೆ ಕೈಗೆ ಕೊಟ್ಟಿರ್ತೀನಿ.

ಚಿಕಿತ್ಸಕಿ: ಕೇಳೋಕೆ ಮುಂಚೆ ಕೊಟ್ಟರೆ ಅವನು ಕೇಳೋದು ಯಾವಾಗ?

ಅಜ್ಜಿ: ಹಾಗಂತ ಮಗೂನ ಗೋಳಾಡಿಸಿ ನೋಡ್ತಾ ಕೂರಲಾ? ತರಬೇತಿ ಕೊಡೋ ಹುಡುಗಿಯೊಬ್ಬಳು ಬಂದಿದ್ದಳು. ಬಾಯಲ್ಲಿ "ನೀರು" ಅನ್ನೋವರೆಗೂ ಲೋಟ ಕೊಡಬೇಡಿ ಅಂದಳು. ಮಗು ಲೋಟ ನೋಡ್ತಾ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿತ್ತು. ಅವಳಿಗೆ ಅದು ಕೇಳಿದ ಹಾಗಲ್ಲವಂತೆ.

ಚಿಕಿತ್ಸಕಿ: ಲೋಟ ನೋಡಿ, ನಿಮ್ಮ ಮುಖ ನೋಡಿ, ಮತ್ತೆ ಲೋಟ ನೋಡಿದರೆ ಅದು ಕೇಳಿದ್ದೇ. ಅದಕ್ಕೆ ಉತ್ತರ ಕೊಡದೆ ಕೂತರೆ ಮಗು ಕಲಿಯೋದು "ಕಣ್ಣಿನಿಂದ ಕೇಳಿದರೆ ಯಾರಿಗೂ ಗೊತ್ತಾಗಲ್ಲ" ಅಂತ. ಅರ್ಥ ಹಚ್ಚಲೇಬೇಕು. ಎಲ್ಲ ಮಕ್ಕಳೂ ಬೆಳೆಯೋದು ಹಾಗೇ. 1975ರಲ್ಲಿ ಎಲಿಜಬೆತ್ ಬೇಟ್ಸ್ ಮತ್ತವರ ಇಟಲಿಯ ಸಂಗಡಿಗರು ಇದನ್ನ ಹಂತ ಹಂತವಾಗಿ ತೋರಿಸಿದರು. ಮೊದಲ ತಿಂಗಳುಗಳಲ್ಲಿ ಮಗು ಅಳೋದರಲ್ಲಿ ಯಾರಿಗೋ ಹೇಳಬೇಕು ಅನ್ನೋ ಉದ್ದೇಶ ಇರಲ್ಲ. ದೊಡ್ಡವರು ಉದ್ದೇಶ ಇದೆ ಅಂತಲೇ ನಡಕೊಳ್ತಾರೆ, ಹಾಲಾ ಬೇಕಿತ್ತು ಅಂತ ಎತ್ತಿಕೊಳ್ತಾರೆ. ಹಾಗೆ ನಡಕೊಂಡು ನಡಕೊಂಡು, ಒಂಬತ್ತು ಹತ್ತು ತಿಂಗಳ ಹೊತ್ತಿಗೆ ಮಗುವೇ ಉದ್ದೇಶ ಇಟ್ಟು ಕೈ ಚಾಚುತ್ತೆ. ಮಾತು ಅದಾದ ಮೇಲೆ.

ಅಜ್ಜಿ: ಪ್ರಪಂಚದಲ್ಲಿ ಎಲ್ಲ ಅಜ್ಜಿಯರೂ ನನ್ನ ಹಾಗೇ ಅನ್ನಿ.

ಚಿಕಿತ್ಸಕಿ: ಇಲ್ಲ, ಅದೇ ಸ್ವಾರಸ್ಯ. ಎಲಿನರ್ ಓಕ್ಸ್ ಸಮೋವಾ ದ್ವೀಪದಲ್ಲಿ, ಬ್ಯಾಂಬಿ ಶೀಫೆಲಿನ್ ಪಪುವಾ ನ್ಯೂಗಿನಿಯ ಕಾಲುಲಿ ಜನರ ನಡುವೆ ಇದ್ದು ಬಂದರು. ಕಾಲುಲಿಯವರು ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸಿ ಹೇಳೋದಕ್ಕೇ ಹಿಂಜರೀತಾರೆ. ಮಗುವಿನ ತೊದಲು ಅರ್ಥವಾಗದಿದ್ದರೆ, ನೀನು ಹೇಳಿದ್ದು ಇದೇ ಅಲ್ಲವಾ ಅಂತ ತಾಯಂದಿರು ಪೂರ್ತಿ ಮಾಡಿಕೊಡಲ್ಲ. ಸಮೋವಾದಲ್ಲೂ ಅರ್ಥವಾಗದ ಮಾತನ್ನ ಮತ್ತೆ ಹೇಳು ಅಂತಾರೆ. ಅರ್ಥ ಮಾಡಿಸೋ ಭಾರ ಮಗುವಿನ ಮೇಲೆ. 1984ರಲ್ಲಿ ಇಬ್ಬರೂ ಸೇರಿ ಬರೆದರು: ಮಗುವಿನ ಪರವಾಗಿ ಅರ್ಥ ಹೇಳೋದು ಎಲ್ಲ ಕಡೆಯ ನಿಯಮ ಅಲ್ಲ, ಆ ಮಕ್ಕಳೂ ಚೆನ್ನಾಗಿ ಮಾತು ಕಲೀತಾರೆ ಅಂತ.

ಅಜ್ಜಿ: ಆದರೆ ಆ ಮಕ್ಕಳಿಗೆ ಮತ್ತೆ ಹೇಳು ಅಂದರೆ ಮತ್ತೆ ಹೇಳೋಕೆ ಬರುತ್ತೆ. ನಮ್ಮವನಿಗೆ ಅದೇ ಕಷ್ಟ.

ಚಿಕಿತ್ಸಕಿ: ಸರಿಯಾಗಿ ಹಿಡಿದಿರಿ. ಅವರ ಪದ್ಧತಿ ಹಾಗೇ ತಂದು ಇಲ್ಲಿ ಹಾಕೋಕಾಗಲ್ಲ. ಅವರಿಂದ ಒಂದು ಎಚ್ಚರಿಕೆ ಮಾತ್ರ ತಗೊಳ್ಳಿ. ಬೇರೆಯವರ ಮನಸ್ಸು ನನಗೆ ಗೊತ್ತು ಅನ್ನೋದು ದೊಡ್ಡ ಮಾತು. ನೀವು ದೇವಸ್ಥಾನದಲ್ಲಿ ಹೂವಿನ ಪ್ರಸಾದ ಕೇಳಿದ್ದೀರಾ?

ಅಜ್ಜಿ: ಎಷ್ಟೋ ಸಲ. ಮಗನ ಮದುವೆಗೂ ಕೇಳಿದ್ದೆ. ಬಲಗಡೆ ಹೂವು ಬಿದ್ದರೆ ಆಗುತ್ತೆ, ಎಡಕ್ಕೆ ಬಿದ್ದರೆ ಬೇಡ.

ಚಿಕಿತ್ಸಕಿ: ಎಡಕ್ಕೆ ಬಿದ್ದಾಗ ಏನು ಮಾಡ್ತೀರಿ?

ಅಜ್ಜಿ: (ನಗುತ್ತಾ) ಗಾಳಿಗೆ ಬಿತ್ತು ಅಂತ ಇನ್ನೊಂದು ಸಲ ಕೇಳ್ತೀನಿ.

ಚಿಕಿತ್ಸಕಿ: ದೇವರು ತಿರುಗಿ ಬಂದು, ನಾನು ಹೇಳಿದ್ದು ಅದಲ್ಲ ಅನ್ನಲ್ಲ. ಹಾಗಾಗಿ ಅಲ್ಲಿ ನಮ್ಮ ಮನಸ್ಸಿನದ್ದೇ ನಡೆಯುತ್ತೆ. ಮಗು ಅನ್ನಬಲ್ಲದು. ನಾವು ಬಿಟ್ಟರೆ. ನಾನು ಇಷ್ಟು ವರ್ಷದಲ್ಲಿ ನಂಬಿಕೊಂಡದ್ದು ಇದೊಂದೇ: ಅರ್ಥ ಹಚ್ಚಿ, ಧಾರಾಳವಾಗಿ ಹಚ್ಚಿ; ಆದರೆ "ಅದಲ್ಲ" ಅನ್ನೋಕೆ ಮಗುವಿಗೆ ಜಾಗ ಬಿಟ್ಟು ಹಚ್ಚಿ. ಆ ಜಾಗ ಇಲ್ಲದಿದ್ದರೆ ಎಷ್ಟು ಪ್ರೀತಿಯಿಂದ ಹೇಳಿದ ಅರ್ಥವೂ ನಮ್ಮದೇ ಮಾತು.

ಅಜ್ಜಿ: ಜಾಗ ಬಿಡೋದು ಅಂದರೆ? ಅವನು ನನ್ನ ಮಣಿಕಟ್ಟು ಹಿಡಿದು ಎಳಕೊಂಡು ಹೋಗಿ ಫ್ರಿಜ್ಜಿನ ಬಾಗಿಲಿಗೆ ನನ್ನ ಕೈ ಇಡ್ತಾನೆ. ಮುಖ ಕೂಡ ನೋಡಲ್ಲ. ನಾನು ತೆಗೆದು ಮೊಸರು ಕೊಡ್ತೀನಿ.

ಚಿಕಿತ್ಸಕಿ: ಮೊಸರೇ ಅಂತ ಯಾರು ಹೇಳಿದರು?

ಅಜ್ಜಿ: ದಿನಾ ಅದೇ ತಿಂತಾನೆ.

ಚಿಕಿತ್ಸಕಿ: ಕೊಟ್ಟದ್ದನ್ನ ತಿಂತಾನೆ. ಇನ್ನು ಮೇಲೆ ಬಾಗಿಲು ತೆಗೆದು ಕೈ ಸಡಿಲ ಬಿಟ್ಟು ನಿಲ್ಲಿ. ಮನಸ್ಸಿನಲ್ಲೇ ಐದು ಎಣಿಸಿ. ಬಾಯಿ ಮುಚ್ಚಿಕೊಂಡಿರಿ, ಅದೇ ಎಲ್ಲಕ್ಕಿಂತ ಕಷ್ಟ. ಅವನ ಕೈ, ಕಣ್ಣು ಎಲ್ಲಿಗೆ ಹೋಗುತ್ತೆ ನೋಡಿ. ಹೋಗದಿದ್ದರೆ ಎರಡು ಪದಾರ್ಥ ಎತ್ತಿ ಎದುರಿಗೆ ಹಿಡೀರಿ, ಒಂದು ಅವನಿಗೆ ಖಂಡಿತ ಬೇಡದ್ದು ಇರಲಿ. ಹಾಗಲಕಾಯಿ ಹಿಡಿದರೂ ನಡೆಯುತ್ತೆ. ಅವನು ಅದನ್ನ ದೂಡಿದ ಅನ್ನಿ, ಕೋಪ ಮಾಡಬೇಡಿ. "ಬೇಡ. ಹಾಗಲಕಾಯಿ ಬೇಡ" ಅಂತ ಅವನ ಪರವಾಗಿ ಹೇಳಿ, ಕೆಳಗಿಡಿ. ಆ ದೂಡಿದ್ದು ಎಷ್ಟು ದೊಡ್ಡ ಮಾತು ಗೊತ್ತಾ? ನೀನು ತಪ್ಪು ತಿಳಕೊಂಡೆ ಅಂತ ಅವನು ನಿಮಗೆ ಹೇಳಿದ.

ಅಜ್ಜಿ: ನಾವು ಅದನ್ನ ಹಠ ಅಂತೀವಿ.

ಚಿಕಿತ್ಸಕಿ: ಊರೆಲ್ಲ ಅದನ್ನೇ ಅನ್ನುತ್ತೆ. ನಮ್ಮ ಚಾಮರಾಜಪೇಟೆ ಕಡೆ ಮಕ್ಕಳ ಕೂಟ ಪಾರ್ಕಿನ ಹತ್ತಿರ ಮಗು ಕಿರುಚಿದರೆ ನಾಲ್ಕು ಜನ ತಿರುಗಿ ನೋಡ್ತಾರೆ, ಐದನೆಯವರು ಎರಡೇಟು ಕೊಡಿ ಸರಿಹೋಗುತ್ತೆ ಅಂತಾರೆ. ಹಠ ಅಂದ ತಕ್ಷಣ ಅರ್ಥ ಹುಡುಕೋ ಕೆಲಸ ನಿಂತುಹೋಗುತ್ತೆ. 1985ರಲ್ಲಿ ಎಡ್ವರ್ಡ್ ಕಾರ್, ಮಾರ್ಕ್ ಡುರಾಂಡ್ ಅನ್ನೋರು ಬೆಳವಣಿಗೆಯ ತೊಂದರೆ ಇರೋ ನಾಲ್ಕು ಮಕ್ಕಳನ್ನ ಗಮನಿಸಿದರು. ಕೆಲವರ ರಂಪ ಪಾಠ ಕಷ್ಟವಾದಾಗ ಏಳುತ್ತೆ, ಕೆಲವರದ್ದು ದೊಡ್ಡವರ ಗಮನ ಕಮ್ಮಿಯಾದಾಗ. ಪಾಠ ಕಷ್ಟವಾದವರಿಗೆ ಸಹಾಯ ಕೇಳೋ ಒಂದು ಮಾತು ಕಲಿಸಿದರು, ಗಮನ ಬೇಕಾದವರಿಗೆ ಶಹಬ್ಬಾಸ್ ಕೇಳೋ ಒಂದು ಮಾತು. ರಂಪ ಇಳೀತು. ಆದರೆ ಅದಲು ಬದಲು ಮಾಡಿ, ಸಹಾಯ ಬೇಕಾದವನ ಬಾಯಿಗೆ ಶಹಬ್ಬಾಸ್ ಕೇಳೋ ಮಾತು ಕೊಟ್ಟರೆ ಇಳೀಲಿಲ್ಲ.

ಅಜ್ಜಿ: ಅಂದರೆ ಮಾತು ಬಂದರೆ ಸಾಲದು, ಅವನಿಗೆ ಬೇಕಾದ ಮಾತೇ ಬರಬೇಕು.

ಚಿಕಿತ್ಸಕಿ: ಹೌದು. ನಾವು ಹಚ್ಚಿದ ಅರ್ಥ ಸರಿಯಾ ಅಂತ ತೀರ್ಮಾನಿಸಿದ್ದು ಆ ಮಕ್ಕಳ ನಡವಳಿಕೆ. ತಜ್ಞರ ಅಭಿಪ್ರಾಯ ಅಲ್ಲ.

ಅಜ್ಜಿ: ಇನ್ನೊಂದು ಸಂಕಟ ಹೇಳ್ತೀನಿ. ಯಾರೋ ಹೇಳಿದರಂತೆ, ಮಗುವಿಗೆ ಎರಡೆರಡು ಭಾಷೆ ಗೊಂದಲ, ಮನೇಲಿ ಇಂಗ್ಲಿಷ್ ಒಂದೇ ಇಟ್ಟುಕೊಳ್ಳಿ ಅಂತ. ಮಗ ಸೊಸೆ ಹಾಗೇ ಮಾಡಿದರು. ನನಗೆ ಬರೋದು "ಕಮ್", "ಗೋ", "ಗುಡ್ ಬಾಯ್". ಮೊಮ್ಮಗನ ಹತ್ತಿರ ನಾನೇ ಮೂಕಿ.

ಚಿಕಿತ್ಸಕಿ: ಈ ಸಲಹೆಗೆ ಆಧಾರ ಇಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಕ್ಯಾಥರಿನ್ ಹ್ಯಾಂಬ್ಲಿ, ಎರಿಕ್ ಫೊಂಬಾನ್ ಆಟಿಸಂ ಇರೋ 75 ಮಕ್ಕಳನ್ನ ನೋಡಿ 2012ರಲ್ಲಿ ವರದಿ ಮಾಡಿದರು: ಎರಡು ಭಾಷೆ ಕೇಳಿ ಬೆಳೆದವರು ಒಂದೇ ಭಾಷೆಯವರಿಗಿಂತ ಹೆಚ್ಚು ಹಿಂದೆ ಬಿದ್ದಿರಲಿಲ್ಲ. ನಮ್ಮ ಹಳೇ ಬೆಂಗಳೂರಿನ ಮನೆಗಳಲ್ಲಂತೂ ಅಡುಗೆಮನೆಗೆ ಒಂದು ಭಾಷೆ, ಬೀದಿಗೆ ಒಂದು, ಸ್ಕೂಲಿಗೆ ಒಂದು. ಕನ್ನಡ ಕಿತ್ತು ಹಾಕಿದಿರಿ ಅಂದರೆ ಹುಡುಗನನ್ನ ಅತಿ ಹೆಚ್ಚು ಹೊತ್ತು ನೋಡೋ, ಅವನ ಮಾತಿನ ಮೂಲಗಳೆಲ್ಲ ಗೊತ್ತಿರೋ ಮನುಷ್ಯರನ್ನೇ ಹೊರಗೆ ಕೂರಿಸಿದ ಹಾಗಾಯಿತು. ಅವನು ನಿಮಗೆ ಹೇಳಿದ್ದಕ್ಕೆ ನೀವು ನಿಮ್ಮ ಭಾಷೆಯಲ್ಲೇ ಉತ್ತರ ಕೊಡಬೇಕು.

ಅಜ್ಜಿ: ಇದನ್ನ ನೀವೇ ಬಂದು ಮನೇಲಿ ಹೇಳಿ. ನಾನಂದರೆ ಕೇಳಲ್ಲ. ಇನ್ನು ಟ್ಯಾಬ್ ವಿಷಯ. ಚಿತ್ರ ಒತ್ತಿದರೆ ಅದೇ ಮಾತಾಡುತ್ತಂತೆ. ಅದು ಸಿಕ್ಕರೆ ಇವನು ಬಾಯಿ ಬಿಡೋದೇ ಇಲ್ಲ ಅಂತ ನನ್ನ ಭಯ.

ಚಿಕಿತ್ಸಕಿ: ಎಲ್ಲರ ಭಯವೂ ಅದೇ. ಚೆನ್ನೈಯವರು ಮಾಡಿದ "ಆವಾಜ್" ಅನ್ನೋ ಆಪ್ ಇದೆ, ಕಾಗದದ ಚಿತ್ರದ ಕಾರ್ಡುಗಳೂ ಇವೆ. 2006ರಲ್ಲಿ, 2008ರಲ್ಲಿ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದವರಿಗೆ, ಇಂಥ ಸಾಧನಗಳಿಂದ ಮಾತು ಕುಂಠಿತವಾದದ್ದು ಕಾಣಲಿಲ್ಲ. ಎಷ್ಟೋ ಮಕ್ಕಳ ಮಾತು ಸ್ವಲ್ಪ ಹೆಚ್ಚಿತ್ತು. ನೀವು ನೋಡಬೇಕಾದ್ದು ಬೇರೆ. ಆ ಚಿತ್ರಗಳಲ್ಲಿ ಬಿಸ್ಕತ್, ಬಾಲು, ಜ್ಯೂಸು ಮಾತ್ರ ಇದೆಯಾ, ಅಥವಾ "ಬೇಡ", "ಸಾಕು", "ಅದಲ್ಲ" ಇವೂ ಇವೆಯಾ? ಬರೀ ಬೇಕು ಅನ್ನೋದಕ್ಕೆ ಚಿತ್ರ ಕೊಟ್ಟರೆ ಅವನನ್ನ ಗಿರಾಕಿ ಮಾಡಿದ ಹಾಗೆ. ಇನ್ನೊಂದು, ಚಿತ್ರ ಮುಟ್ಟೋ ಬೆರಳು ಅವನದ್ದೇ ಆಗಿರಬೇಕು.

ಅಜ್ಜಿ: ಇನ್ನಾರದ್ದು ಇರುತ್ತೆ?

ಚಿಕಿತ್ಸಕಿ: ಅದೊಂದು ದೊಡ್ಡ ಕಥೆ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ರೋಸ್‌ಮೇರಿ ಕ್ರಾಸ್ಲಿ, ಮಾತಿಲ್ಲದವರ ಕೈಯನ್ನ ಇನ್ನೊಬ್ಬರು ಆಧಾರವಾಗಿ ಹಿಡಿದು ಅಕ್ಷರ ತೋರಿಸೋ ಪದ್ಧತಿ ಶುರುಮಾಡಿದರು. 1990ರ ಹೊತ್ತಿಗೆ ಡಗ್ಲಸ್ ಬಿಕ್ಲನ್ ಅದನ್ನ ಅಮೆರಿಕಕ್ಕೆ ಒಯ್ದರು. ಒಂದು ಪದವೂ ಆಡದ ಮಕ್ಕಳು ಪುಟಗಟ್ಟಲೆ ಬರೆಯೋಕೆ ಶುರುಮಾಡಿದರು. ತಂದೆತಾಯಿಗೆ ಎಷ್ಟು ಸಂತೋಷ ಆಗಿರಬೇಡ! ಆಮೇಲೆ ಪರೀಕ್ಷೆ ಮಾಡಿದರು. ಮಗುವಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಇನ್ನೊಂದು ಚಿತ್ರ, ಒಬ್ಬರದ್ದು ಒಬ್ಬರಿಗೆ ಕಾಣದ ಹಾಗೆ. ಬರೆದು ಬಂದ ಉತ್ತರ ಕೈ ಹಿಡಿದವರು ನೋಡಿದ ಚಿತ್ರದ್ದು. 1993ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಕೇಂದ್ರದ ಪರೀಕ್ಷೆಯಲ್ಲಿ 12 ಜನರಲ್ಲಿ ಒಬ್ಬರೂ ತಮಗೆ ಮಾತ್ರ ಕಂಡ ಚಿತ್ರದ ಹೆಸರು ಬರೆಯಲಿಲ್ಲ. 1994ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಈ ಪದ್ಧತಿಗೆ ಆಧಾರವಿಲ್ಲ ಅಂತ ನಿರ್ಣಯ ಮಾಡಿತು.

ಅಜ್ಜಿ: ಮೋಸ ಮಾಡಿದರಾ?

ಚಿಕಿತ್ಸಕಿ: ಮೋಸ ಆಗಿದ್ದರೆ ಇಷ್ಟು ಯೋಚನೆ ಮಾಡಬೇಕಿರಲಿಲ್ಲ. ಬಹುತೇಕ ಜನ ಪ್ರಾಮಾಣಿಕರು. ಕೈ ತಮ್ಮದೇ ನಡೀತಿದೆ ಅಂತ ಅವರಿಗೇ ತಿಳಿದಿರಲಿಲ್ಲ. ಫಲಿತಾಂಶ ಕಂಡು ಕುಸಿದು ಕೂತವರಿದ್ದರು. ಮಗುವಿನ ಮನಸ್ಸು ಗೊತ್ತು ಅನ್ನೋ ಪ್ರೀತಿ ತನ್ನ ಬೆರಳು ತಾನೇ ಕಾಣದಷ್ಟು ಬೆಳೆದುಬಿಟ್ಟಿತ್ತು.

ಅಜ್ಜಿ: ನಮ್ಮಲ್ಲೂ ಒಬ್ಬ ಹುಡುಗನ ಬಗ್ಗೆ ಪೇಪರಿನಲ್ಲಿ ಬಂದಿತ್ತಲ್ಲ, ಪದ್ಯ ಬರೀತಿದ್ದ.

ಚಿಕಿತ್ಸಕಿ: ಟಿಟೊ ಮುಖೋಪಾಧ್ಯಾಯ. ಬಾಲ್ಯದ ಕೆಲವು ವರ್ಷ ಮೈಸೂರು, ಬೆಂಗಳೂರಲ್ಲಿ ಕಳೆದವನು. ತಾಯಿ ಸೋಮಾ ಹಗಲಿರುಳು ಕೂತು ಅಕ್ಷರ ತೋರಿಸೋದನ್ನ, ಕೈಯಲ್ಲಿ ಬರೆಯೋದನ್ನ ಕಲಿಸಿದರು. 2000ದಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಅವನ ಪುಸ್ತಕ "ಬಿಯಾಂಡ್ ದ ಸೈಲೆನ್ಸ್" ಪ್ರಕಟಿಸಿತು. ಆಮೇಲೆ ತಾಯಿ ಮಗ ಅಮೆರಿಕಕ್ಕೆ ಹೋದರು. ಆಟಿಸಂ ಇರೋರ ಒಳಗೆ ಏನೂ ನಡೆಯಲ್ಲ ಅಂತಿದ್ದ ಎಷ್ಟೋ ಜನ ಅವನನ್ನ ಓದಿ ಬಾಯಿ ಮುಚ್ಚಿಕೊಂಡರು. ಆದರೆ ತಾಯಿ ಆ ವಿಧಾನವನ್ನ ಬೇರೆ ಮಕ್ಕಳಿಗೆ ಹೇಳಿಕೊಡೋಕೆ ಶುರುಮಾಡಿದಾಗ ಪ್ರಶ್ನೆ ಎದ್ದಿತು. ಅಲ್ಲಿ ಅಕ್ಷರಗಳ ಫಲಕ ಹಿಡಿಯೋದು ದೊಡ್ಡವರು, ಎಡೆಬಿಡದೆ ಪ್ರಚೋದನೆ ಕೊಡೋದು ದೊಡ್ಡವರು. ಬಂದ ಮಾತು ಮಗುವಿನದ್ದೇ ಅನ್ನೋದಕ್ಕೆ ಪರೀಕ್ಷೆ ಎಲ್ಲಿ? 2018ರಲ್ಲಿ ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ ಅದನ್ನ ಬಳಸಬಾರದು ಅಂತ ಹೇಳಿತು. ಒಬ್ಬ ಹುಡುಗ ಬರೆದ ಪುಸ್ತಕ ಒಂದು ವಿಷಯ, ಒಂದು ವಿಧಾನದ ರುಜುವಾತು ಇನ್ನೊಂದು ವಿಷಯ. ಎರಡನ್ನೂ ಬೆರೆಸಬಾರದು.

ಅಜ್ಜಿ: ನೀವು ಎರಡು ಕಡೆಯಿಂದಲೂ ಕಟ್ಟಿಹಾಕ್ತೀರಿ. ಅರ್ಥ ಹಚ್ಚದಿದ್ದರೆ ಮಗು ಒಂಟಿ, ಜಾಸ್ತಿ ಹಚ್ಚಿದರೆ ಮಗುವೇ ಮಾಯ.

ಚಿಕಿತ್ಸಕಿ: ಕಟ್ಟಿಹಾಕ್ತಿಲ್ಲ. ನಡುವಿನ ದಾರಿ ನಡೆದು ತೋರಿಸಿದವರಿದ್ದಾರೆ. ಗೋವಾದಲ್ಲಿ, ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಂದು ಪ್ರಯೋಗ ಆಯಿತು. 2016ರಲ್ಲಿ ಲ್ಯಾನ್ಸೆಟ್ ಗುಂಪಿನ ಪತ್ರಿಕೆಯಲ್ಲಿ ಬಂತು. 65 ಮಕ್ಕಳು. ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು, ಮಗು ತಂದೆತಾಯಿ ಆಡೋದನ್ನ ವಿಡಿಯೋ ಮಾಡಿ, ಅದನ್ನ ತಂದೆತಾಯಿ ಜೊತೆಗೇ ಕೂತು ನೋಡ್ತಿದ್ದರು. ಇಲ್ಲಿ ಮಗು ಏನು ಮಾಡಿತು, ನೀವು ಏನು ಮಾಡಿದಿರಿ, ಅಷ್ಟೇ ಪ್ರಶ್ನೆ. ತಂದೆತಾಯಿ ಮಗುವಿನ ಲಕ್ಷ್ಯ ಹಿಡಿದು ಹೋಗೋದು ಹೆಚ್ಚಾಯಿತು, ಮಗು ತಾನಾಗಿ ಮೊದಲು ಮಾಡೋದೂ ಹೆಚ್ಚಾಯಿತು. ಹಾಡು ಕಲಿಸಲಿಲ್ಲ, ಅಕ್ಷರ ಕಲಿಸಲಿಲ್ಲ. ದೊಡ್ಡವರ ನೋಟ ತಿದ್ದಿದರು.

ಅಜ್ಜಿ: ನನ್ನ ಮಗ ಸಂಗೀತ ಕಚೇರಿಯೆಲ್ಲ ಫೋನಿನಲ್ಲಿ ಹಿಡೀತಾನೆ. ಇದನ್ನೂ ಹಿಡೀಲಿ.

ಚಿಕಿತ್ಸಕಿ: ಹಿಡಿದರೆ ಸಾಲದು, ಮೂವರೂ ಕೂತು ನೋಡಿ. ಪಕ್ಷಕ್ಕೊಂದು ಅರ್ಥ ಬರುತ್ತೆ, ಬರಲಿ. ಒಂದು ನೋಟ್‌ಬುಕ್ಕಿನಲ್ಲಿ ಹೀಗೆ ಬರೀರಿ: ಹೇಳೋ ಮುಂಚೆ ಏನಾಗಿತ್ತು, ಅವನು ಏನು ಹೇಳಿದ ಅಥವಾ ಮಾಡಿದ, ನಾವು ಏನು ಅಂದುಕೊಂಡೆವು, ಅದರಂತೆ ನಡೆದಾಗ ಅವನು ಒಪ್ಪಿದನಾ. ಕೊನೇ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಆ ಸಾಲು ಖಾಲಿ ಬಿಡಿ. ಸ್ಕೂಲಿನವರೂ ಬರೀಲಿ. ಮನೇಲಿ ಒಂದು ಅರ್ಥ, ಅಲ್ಲೊಂದು ಅರ್ಥ ಆಗಿ ಹುಡುಗ ಎರಡು ಊರಿನ ನಡುವೆ ಸಿಕ್ಕಿಕೊಂಡಿರ್ತಾನೆ.

ಅಜ್ಜಿ: ಇಷ್ಟೆಲ್ಲ ನಾವು ಅವನನ್ನ ಓದೋ ಮಾತಾಯಿತು. ಅವನೂ ನಮ್ಮನ್ನ ಓದ್ತಿರಬೇಕಲ್ಲ? ನನ್ನ ಮುಖ ಅವನಿಗೆ ಏನು ಹೇಳುತ್ತೋ.

ಚಿಕಿತ್ಸಕಿ: ಡೇಮಿಯನ್ ಮಿಲ್ಟನ್ ಅನ್ನೋ ಬ್ರಿಟಿಷ್ ಸಮಾಜಶಾಸ್ತ್ರಜ್ಞ 2012ರಲ್ಲಿ ಇದನ್ನೇ ಎತ್ತಿದರು; ಅವರಿಗೂ ಆಟಿಸಂ ಇದೆ. ಆಟಿಸಂ ಇರೋರಿಗೆ ಬೇರೆಯವರ ಮನಸ್ಸು ಅರ್ಥವಾಗಲ್ಲ ಅಂತ ಪುಸ್ತಕಗಳು ಬರೀತಾ ಬಂದವು. ಅರ್ಥವಾಗದಿರೋದು ಎರಡೂ ಕಡೆಯಿಂದ, ಕೊರತೆ ಅಂತ ಒಂದೇ ಕಡೆಗೆ ಹಣೆಪಟ್ಟಿ ಯಾಕೆ ಅಂತ ಅವರ ಪ್ರಶ್ನೆ. ಅವನನ್ನ ಅರ್ಥ ಮಾಡಿಕೊಳ್ಳೋಕೆ ನಿಮ್ಮ ಮನೇಲಿ ಮೂರು ಪಕ್ಷ ಆದವು ಅಂದಿರಿ. ಅವನೊಬ್ಬನೇ, ನಿಮ್ಮೆಲ್ಲರನ್ನೂ ಅರ್ಥ ಮಾಡಿಕೊಳ್ಳಬೇಕು.

ಅಜ್ಜಿ: ಸರಿ, ಒಪ್ಪಿದೆ. ಆದರೆ ಒಂದು ಉಳೀತು. "ಬೇಡ" ಅನ್ನೋಕೆ ಜಾಗ ಬಿಡಿ ಅಂದಿರಿ. ನಾಳೆ ಇಂಜೆಕ್ಷನ್ ಬೇಡ ಅಂತಾನೆ. ಟ್ಯಾಗೋರ್ ಸರ್ಕಲ್ಲಿನಲ್ಲಿ ಕೈ ಹಿಡಿಯೋದು ಬೇಡ ಅಂತಾನೆ. ಆಗ?

ಚಿಕಿತ್ಸಕಿ: ಕೈ ಬಿಡಬೇಡಿ.

ಅಜ್ಜಿ: ಹಾಗಾದರೆ ಅವನ ಮಾತಿಗೆ ಬೆಲೆ ಎಲ್ಲಿ ಬಂತು?

ಚಿಕಿತ್ಸಕಿ: ಬೇಡ ಅನ್ನೋದನ್ನ ಕೇಳಿಸಿಕೊಳ್ಳೋದು ಬೇರೆ, ಅದರಂತೆ ನಡೆಯೋದು ಬೇರೆ. ನಮ್ಮಲ್ಲಿ ಏನಾಗುತ್ತೆ ಅಂದರೆ, ಅದರಂತೆ ನಡೆಯೋಕಾಗಲ್ಲ ಅಂತ ಗೊತ್ತಾದ ಕೂಡಲೇ ಕೇಳಿಸಲೇ ಇಲ್ಲ ಅನ್ನೋ ಹಾಗಿರ್ತೀವಿ, ಇಲ್ಲವೇ ಹಠ ಅಂತೀವಿ. "ಬೇಡ ಅಂದೆ, ಕೇಳಿಸ್ತು. ಬಸ್ಸು ಬರ್ತಿದೆ, ದಾಟೋವರೆಗೂ ಹಿಡ್ಕೋತೀನಿ" ಅಂತ ಹೇಳಿ, ಹಿಡಿದುಕೊಳ್ಳಿ. ದಾಟಿದ ಮೇಲೆ ಬಿಡಿ.

ಅಜ್ಜಿ: ಅವನಿಗೆ ಅಷ್ಟೆಲ್ಲ ಅರ್ಥ ಆಗುತ್ತಾ?

ಚಿಕಿತ್ಸಕಿ: ದಾಟಿದ ಮೇಲೆ ನಿಜವಾಗಲೂ ಬಿಡ್ತೀರಾ ಅನ್ನೋದು ಅರ್ಥ ಆಗುತ್ತೆ. ಮಾತು ಆಮೇಲೆ ನೋಡೋಣ.